ನಮ್ಮ ಕಾಳಿ, ಆಲ್ಫಾ ತೋಳ ಮತ್ತು ಒಂದು ತಿದ್ದುಪಡಿ ಎಂಟ್ರಿ

ಭಾಗ 1/8

ಫೋಟೋದಲ್ಲಿ ಮಂಚದ ಕೆಳಗಿಂದ ಬರೀ ಮೂತಿ ಕಾಣಿಸ್ತಿದೆಯಲ್ಲ, ಅದು ನಮ್ಮ ಕಾಳಿ. ದಿನಾ ಸ್ಟೋರಿ ನೋಡೋರಿಗೆ ಪರಿಚಯ ಬೇಡ. ಹೊಸಬರಿಗೆ ಹೇಳ್ತೀನಿ: ವಯಸ್ಸು ಸುಮಾರು ಒಂದೂವರೆ ವರ್ಷ, ತಳಿ ಅಪ್ಪಟ ಮಂಡ್ಯದ ಬೀದಿನಾಯಿ, ಬಣ್ಣ ಹೆಸರಲ್ಲೇ ಇದೆ.

ಆದ್ರೆ ಹೆಸರು ಬಂದಿದ್ದು ಬಣ್ಣದಿಂದ ಅಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿದೆ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೆರನಿಗೆ ಗಂಗರ ಬೂತುಗ "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ನಾಯಿ ಹಂದಿ ಜೊತೆ ಹೋರಾಡಿ ಸತ್ತಾಗ ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಮ್ಮ ಕಾಳಿ ಇದುವರೆಗೆ ಹೋರಾಡಿರೋದು ಅಜ್ಜಿಯ ಸೆರಗಿನ ಜೊತೆ ಮಾತ್ರ.

ತೊಂದರೆ ಶುರುವಾಗಿದ್ದೇ ಅಲ್ಲಿಂದ. ಯಾರು ಮನೆಗೆ ಬಂದ್ರೂ ಕಾಳಿ ಖುಷಿಗೆ ಮೈಮೇಲೆ ಹಾರ್ತಿದ್ದಳು. ಒಂದು ದಿನ ಅಂಗಳದಲ್ಲಿ ಸೆರಗು ಹಿಡಿದು ಎಳೆದಳು ನೋಡಿ, ಅಜ್ಜಿ ದೊಪ್ಪಂತ ನೆಲಕ್ಕೆ ಕೂತುಬಿಟ್ಟರು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದ್ರೆ ಅಜ್ಜಿಗೆ 74 ವರ್ಷ. ಅಪ್ಪನಿಗೆ ಭಯ ಆಯ್ತು. ಯಾರೋ ಹೇಳಿದ್ರು ಅಂತ ಒಬ್ಬ ಟ್ರೇನರ್‌ನ ಕರೆಸಿದರು. ತಿಂಗಳಿಗೆ 6,000 ರೂಪಾಯಿ.

ಅವರು ತಂದಿದ್ದು ಒಂದು ಕಬ್ಬಿಣದ ಚೋಕ್ ಚೈನ್, ಜೊತೆಗೆ ಒಂದು ಡೈಲಾಗ್: "ನಾಯಿ ಅಂದ್ರೆ ತೋಳ. ಮನೆಯಲ್ಲಿ ನೀವು ಆಲ್ಫಾ ಆಗ್ಬೇಕು, ಇಲ್ಲಾಂದ್ರೆ ಅದು ಆಗುತ್ತೆ." ಕಾಳಿ ಹಾರಿದ್ರೆ ಚೈನ್ ಜಗ್ಗೋದು. ಗುರ್ ಅಂದ್ರೆ ನೆಲಕ್ಕೆ ಅಂಗಾತ ಕೆಡವಿ ಒತ್ತಿ ಹಿಡಿಯೋದು.

ಮೊದಲ ವಾರ ನಾವೆಲ್ಲ "ವಾವ್" ಅಂದ್ವಿ. ಹಾರೋದು ನಿಂತಿತ್ತು. ಹನ್ನೊಂದನೇ ದಿನ ಚೈನ್ ಸದ್ದು ಕೇಳಿದ್ರೆ ನಿಂತಲ್ಲೇ ಉಚ್ಚೆ ಮಾಡ್ಕೊಳ್ಳೋಕೆ ಶುರು. ಹದಿನಾಲ್ಕನೇ ದಿನ, ಚೈನ್ ಹಾಕೋಕೆ ಬಗ್ಗಿದ ಅಪ್ಪನ ಕೈಗೆ ಬಾಯಿ ಹಾಕಿದಳು. ಗುರುಗುಟ್ಟಲೂ ಇಲ್ಲ, ಸೀದಾ ಕಚ್ಚಿದ್ದು. ಅಪ್ಪ ಇಂಜೆಕ್ಷನ್ ಹಾಕಿಸ್ಕೊಂಡು ಬಂದು ಒಂದೇ ಮಾತು ಹೇಳಿದ್ರು: "ನೋಡಮ್ಮ, ಇದನ್ನ ತೋಟಕ್ಕೆ ಬಿಟ್ಟುಬಿಡೋಣ."

ನಾನು ಎರಡು ತಿಂಗಳು ಟೈಮ್ ಕೇಳಿದೆ. ಈ ಸೀರೀಸ್ ಆ ಎರಡು ತಿಂಗಳಲ್ಲಿ ಓದಿದ್ದರ ಕಥೆ. ಯಾರ ಮಾತು ನಂಬಬೇಕು ಅಂತ ಹುಡುಕ್ತಾ ಹೋದೆ, ಸಿಕ್ಕಿದ್ದು ನೂರು ವರ್ಷದ ಇತಿಹಾಸ.

ಭಾಗ 2/8

ಮೊದಲು ಆ "ಆಲ್ಫಾ" ಎಲ್ಲಿಂದ ಬಂತು ಅಂತ ನೋಡ್ದೆ. ಬಂದಿದ್ದು ಮೃಗಾಲಯದಿಂದ!

ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನ ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ ಗಮನಿಸಿ 1947ರಲ್ಲಿ ಒಂದು ಪ್ರಬಂಧ ಬರೆದರು. ತೋಳಗಳು ಒಂದರ ಮೇಲೊಂದು ಅಧಿಕಾರಕ್ಕೆ ಜಗಳ ಆಡ್ತವೆ, ಗೆದ್ದ ಗಂಡು, ಗೆದ್ದ ಹೆಣ್ಣು ಗುಂಪಿನ ತುದಿಗೇರ್ತವೆ ಅಂತ. ಅವರು ಕಂಡಿದ್ದು ಸುಳ್ಳಲ್ಲ. ಕಂಡ ಜಾಗ ತಪ್ಪು. ಪಿಜಿಯಲ್ಲಿ ಇರೋರಿಗೆ ಬೇಗ ಅರ್ಥ ಆಗುತ್ತೆ: ಪರಿಚಯವೇ ಇಲ್ಲದ ಎಂಟು ಜನರನ್ನ ಒಂದೇ ರೂಮಿಗೆ ಹಾಕಿ ಒಂದೇ ಚಾರ್ಜಿಂಗ್ ಪಾಯಿಂಟ್ ಕೊಡಿ. ಆಮೇಲೆ ಆ ಜಗಳ ನೋಡಿ "ಮನುಷ್ಯರ ಸಂಸಾರ ಅಂದ್ರೆ ಹೀಗೆ" ಅಂತ ಬರೆಯಿರಿ. ಹಂಗಾಯ್ತು ಕಥೆ.

ಇದನ್ನ ಜನಪ್ರಿಯ ಮಾಡಿದ್ದು ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್. 1970ರಲ್ಲಿ ಬಂದ ಅವರ 'ದಿ ವುಲ್ಫ್' ಪುಸ್ತಕ ಭರ್ಜರಿಯಾಗಿ ಓಡಿತು. ಅದರೊಳಗೆ ಆಲ್ಫಾ ವಿಚಾರನೂ ಇತ್ತು. ಅಲ್ಲಿಂದ ಅದು ನಾಯಿ ಟ್ರೇನರ್‌ಗಳ ಬಾಯಿಗೆ ಬಂತು.

ಈಗ ನನಗೆ ಇಡೀ ಸೀರೀಸ್‌ನಲ್ಲೇ ತುಂಬಾ ಇಷ್ಟವಾದ ಭಾಗ. ಅದೇ ಮೆಕ್ 1986ರಿಂದ ಕೆನಡಾದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಪ್ರತಿ ಬೇಸಿಗೆ ಹೋಗಿ, ಕಾಡಲ್ಲಿ ಸ್ವತಂತ್ರವಾಗಿದ್ದ ತೋಳಗಳ ಹತ್ತಿರವೇ ಇದ್ದು ನೋಡಿದರು. 13 ಬೇಸಿಗೆ. ಅಲ್ಲಿ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳು. ಅಷ್ಟೇ. ಯಾರೂ ಯಾರನ್ನೂ ಹೊಡೆದು ಪಟ್ಟಕ್ಕೆ ಏರಿಲ್ಲ. ಅಪ್ಪ-ಅಮ್ಮ ಮುಂದೆ ನಡೀತಾರೆ, ಮಕ್ಕಳು ದೊಡ್ಡವರಾದ್ಮೇಲೆ ಮನೆ ಬಿಟ್ಟು ತಮ್ಮ ಸಂಸಾರ ಕಟ್ಕೋತಾರೆ. 1999ರಲ್ಲಿ ಅವರು ಇದನ್ನ ಪ್ರಬಂಧವಾಗಿ ಬರೆದು, ಸಾಮಾನ್ಯ ಕಾಡುತೋಳದ ಗುಂಪಿಗೆ ಆಲ್ಫಾ ಅನ್ನೋ ಪದವೇ ಹೊಂದಲ್ಲ ಅಂದರು. ಅಷ್ಟಕ್ಕೇ ಬಿಡಲಿಲ್ಲ. ತಮ್ಮದೇ ಪುಸ್ತಕ ಅಚ್ಚು ಹಾಕೋದು ನಿಲ್ಲಿಸಿ ಅಂತ ಪ್ರಕಾಶಕರ ಬೆನ್ನು ಬಿದ್ದರು. ಕೊನೆಗೆ ಅದು ನಿಂತಿದ್ದು 2022ರಲ್ಲಿ.

ಯೋಚನೆ ಮಾಡಿ, ಚೆನ್ನಾಗಿ ಮಾರಾಟ ಆಗ್ತಿರೋ ನಿಮ್ಮದೇ ಪುಸ್ತಕವನ್ನ ನಿಲ್ಲಿಸಿ ಅಂತ ನೀವೇ ಗೋಗರೆಯೋದು! ನಮ್ಮ ಬಿಕಾಂನವರಿಗೆ ಗೊತ್ತು, ಜರ್ನಲ್‌ನಲ್ಲಿ ತಪ್ಪಾದ್ರೆ ಅಳಿಸಿ ಮೇಲೆ ಗೀಚೋ ಹಾಗಿಲ್ಲ. ತಪ್ಪನ್ನ ಹಾಗೇ ಬಿಟ್ಟು, ಕೆಳಗೆ ದಿನಾಂಕ ಹಾಕಿ ತಿದ್ದುಪಡಿ ಎಂಟ್ರಿ ಪಾಸ್ ಮಾಡ್ಬೇಕು. ಮೆಕ್ ಮಾಡಿದ್ದು ಅದನ್ನೇ. ನಮ್ಮ ಟ್ರೇನರ್ ಇನ್ನೂ ಹಳೇ ಪುಟವನ್ನೇ ಓದ್ತಿದ್ದರು.

(ಇನ್ನೊಂದು. ನಾಯಿ ಮನುಷ್ಯನ ಜೊತೆ ಬದುಕೋಕೆ ಶುರುಮಾಡಿ ಕನಿಷ್ಠ 15,000 ವರ್ಷ ಆಗಿದೆ. ಕಾಳಿ ತೋಳ ಅಲ್ಲ. ಮಿಕ್ಸಿ ಸದ್ದಿಗೆ ಹೆದರೋ ತೋಳ ಎಲ್ಲಿದೆ?)

ಭಾಗ 3/8

ಹಾಗಾದ್ರೆ ಆ ಚೈನ್? ಅದು ತೋಳದ ಕಥೆಗಿಂತ ಹಳೇದು.

ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1906ರ ಹೊತ್ತಿಗೆ ಪೊಲೀಸ್ ನಾಯಿಗಳಿಗೆ ತರಬೇತಿ ಕೊಡೋಕೆ ಶುರುಮಾಡಿ, 1910ರಲ್ಲಿ ಒಂದು ಕೈಪಿಡಿ ಬರೆದರು. ಮೊದಲನೇ ಮಹಾಯುದ್ಧದ ನಾಯಿಗಳ ಕೆಲಸದಲ್ಲೂ ಅವರಿದ್ದರು. ಅವರ ಪುಸ್ತಕದಲ್ಲಿ ಬಲವಂತ ಜಾಸ್ತಿ: ಜಗ್ಗೋ ಹಗ್ಗ, ಮುಳ್ಳಿನ ಕಾಲರ್, ಬಾರುಕೋಲು. ಆದ್ರೆ ಅವರನ್ನ ಪೂರ್ತಿ ವಿಲನ್ ಮಾಡೋಕೂ ಆಗಲ್ಲ. ನಾಯಿಗೆ ಮನುಷ್ಯರ ನ್ಯಾಯ-ಅನ್ಯಾಯ ತಿಳಿಯಲ್ಲ, ಮಾಡಿದ ಕೆಲಸಕ್ಕೆ ತಕ್ಷಣ ಏನು ಸಿಗುತ್ತೋ ಅದರಿಂದ ಕಲಿಯುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. "ಮಾಡಿದ್ದು ತಪ್ಪು ಅಂತ ಅದಕ್ಕೆ ಗೊತ್ತು, ಮುಖ ನೋಡಿ" ಅನ್ನೋರು ಇವತ್ತೂ ಇದ್ದಾರಲ್ಲ, ಅವರಿಗಿಂತ ಮೋಸ್ಟ್ ವಾಸಿ.

ಆಮೇಲೆ ವಿಲಿಯಂ ಕೋಲರ್. ಡಿಸ್ನಿ ಸಿನಿಮಾಗಳಿಗೆ ನಾಯಿ ತಯಾರು ಮಾಡ್ತಿದ್ದವರು. 1962ರ ಅವರ ಪುಸ್ತಕ ಅಮೆರಿಕದಲ್ಲಿ ಮನೆಮನೆಗೆ ಹೋಯ್ತು. ನಾಯಿ ಅಂಗಳದಲ್ಲಿ ಗುಂಡಿ ತೋಡಿದ್ರೆ ಅದೇ ಗುಂಡಿಗೆ ನೀರು ತುಂಬಿಸಿ ನಾಯಿಯ ಮೂತಿ ಮುಳುಗಿಸಿ ಅನ್ನೋ ಸಲಹೆನೂ ಅದರಲ್ಲಿದೆ. ಎರಡು ಸಲ ಓದಿ ಖಾತ್ರಿ ಮಾಡ್ಕೊಂಡೆ.

ಚೈನ್ ಕೆಲಸ ಮಾಡಲ್ಲ ಅಂತ ನಾನು ಹೇಳಲ್ಲ. ಮಾಡುತ್ತೆ, ಅದೇ ತೊಂದರೆ. ಮೊದಲ ವಾರ ನಾವು ವಾವ್ ಅಂದಿದ್ದು ಸುಳ್ಳಾ? ಆದ್ರೆ ಅದು ನಿಲ್ಲಿಸೋದು ನಮಗೆ ಕಾಣೋದನ್ನ ಮಾತ್ರ. ಕಾಳಿ ಗುರ್ ಅಂದಾಗೆಲ್ಲ ನೆಲಕ್ಕೆ ಕೆಡವಿದ್ವಿ. ಗುರುಗುಟ್ಟೋದು ಅಂದ್ರೆ ನಾಯಿ "ಸಾಕು, ಹತ್ರ ಬರಬೇಡ" ಅಂತ ಹೇಳೋದು. ಆ ಮಾತಿಗೆ ಹೊಡೆದು ಹೊಡೆದು ಮಾತನ್ನೇ ನಿಲ್ಲಿಸಿದ್ವಿ. ಭಯ ಒಳಗೇ ಇತ್ತು. ಹದಿನಾಲ್ಕನೇ ದಿನ ಮಾತಿಲ್ಲದೆ ಕಚ್ಚಿದಳು. ಪಶುವೈದ್ಯರು ಇದನ್ನ ವಿವರಿಸಿದಾಗ ಅಪ್ಪ ತಮ್ಮ ಬ್ಯಾಂಡೇಜ್ ನೋಡ್ಕೊಂಡು ಸುಮ್ಮನೆ ಕೂತಿದ್ದರು.

ಅಂಗಾತ ಕೆಡವೋ ಆ ಟೆಕ್ನಿಕ್‌ಗೂ ಒಂದು ತಿದ್ದುಪಡಿ ಎಂಟ್ರಿ ಇದೆ ಗೊತ್ತಾ? ಅದನ್ನ ಮನೆಮಾತು ಮಾಡಿದ್ದು ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು, 1978ರ ತಮ್ಮ ಪುಸ್ತಕದಲ್ಲಿ. 2002ರ ಎರಡನೇ ಆವೃತ್ತಿಯಲ್ಲಿ ಅವರೇ ಇದನ್ನ ಮಾಡಬೇಡಿ ಅಂತ ಹಿಂದೆ ತಗೊಂಡರು.

ಭಾಗ 4/8

ಇನ್ನೊಂದು ದಾರಿಯ ಕಥೆ ಶುರುವಾಗೋದು ಬೆಕ್ಕಿನಿಂದ.

1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅನ್ನೋ ಅಮೆರಿಕನ್ ವಿದ್ಯಾರ್ಥಿ ಹಸಿದ ಬೆಕ್ಕನ್ನ ಪೆಟ್ಟಿಗೆಯಲ್ಲಿ ಹಾಕಿ ಹೊರಗೆ ತಿಂಡಿ ಇಟ್ಟರು. ಬೆಕ್ಕು ಪರಚಿ, ಕಚ್ಚಿ, ಏನೇನೋ ಮಾಡ್ತಾ ಆಕಸ್ಮಿಕವಾಗಿ ಚಿಲಕ ತೆಗೀತು. ಮುಂದಿನ ಸಲ ಇನ್ನೊಂಚೂರು ಬೇಗ, ಅದರ ಮುಂದೆ ಇನ್ನೂ ಬೇಗ. ಒಳ್ಳೇ ಫಲ ಕೊಟ್ಟ ಕೆಲಸ ಮತ್ತೆ ಮತ್ತೆ ಆಗುತ್ತೆ. ಇಷ್ಟೇ ಸೂತ್ರ. (ಪಾವ್‌ಲೋವ್ ಜೊಲ್ಲು ಸುರಿಸೋ ನಾಯಿಗಳ ಕಥೆ ಪಿಯುಸಿಯಲ್ಲೇ ಕೇಳಿರ್ತೀರಿ, ಬಿಡ್ತೀನಿ.)

ಇದನ್ನ ಮುಂದಕ್ಕೆ ಒಯ್ದಿದ್ದು ಬಿ. ಎಫ್. ಸ್ಕಿನ್ನರ್. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅವರ ತಂಡ ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಗಿರಣಿಯ ಮೇಲಂತಸ್ತಿನಲ್ಲಿ ಕೂತು, ಬಾಂಬಿಗೆ ದಾರಿ ತೋರಿಸೋಕೆ ಪಾರಿವಾಳಗಳಿಗೆ ಕಲಿಸ್ತಿತ್ತು! ಸೇನೆ ಅದನ್ನ ಯುದ್ಧದಲ್ಲಿ ಬಳಸಲೇ ಇಲ್ಲ. 1943ರ ಒಂದು ದಿನ ಬಿಡುವಿದ್ದಾಗ ಪಾರಿವಾಳಕ್ಕೆ ಚೆಂಡು ಉರುಳಿಸೋದು ಕಲಿಸೋಣ ಅಂತ ಕೂತರು. ಮೊದಮೊದಲು ಚೆಂಡಿನ ಕಡೆ ನೋಡಿದ್ರೂ ಸಾಕು, ಕಾಳು. ಆಮೇಲೆ ಕೊಕ್ಕು ತಾಗಿಸಿದ್ರೆ ಮಾತ್ರ ಕಾಳು. ಕೆಲವೇ ನಿಮಿಷದಲ್ಲಿ ಪಾರಿವಾಳ ಚೆಂಡನ್ನ ಗೋಡೆಗೆ ಬಡೀತಿತ್ತು. ಪೂರ್ತಿ ಸರಿಯಾಗೋ ತನಕ ಕಾಯಬೇಡ, ಸರಿಯ ಕಡೆಗೆ ಇಟ್ಟ ಪ್ರತಿ ಹೆಜ್ಜೆಗೂ ಕೊಡು. ನಾನು ಕಾಳಿಗೆ ಕಲಿಸಿದ್ದೆಲ್ಲ ಇದರಿಂದಲೇ.

1951ರ ಡಿಸೆಂಬರ್‌ನಲ್ಲಿ ಸ್ಕಿನ್ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಸಾಮಾನ್ಯ ಜನರಿಗೆ ಅಂತಲೇ ಪ್ರಾಣಿಗಳಿಗೆ ಕಲಿಸೋ ಬಗ್ಗೆ ಬರೆದರು. ನಾಯಿ ಸರಿ ಮಾಡಿದ ಅದೇ ಕ್ಷಣ ಒಂದು ಸಣ್ಣ ಆಟಿಕೆ ಒತ್ತಿ ಸದ್ದು ಮಾಡಿ, ಆಮೇಲೆ ತಿಂಡಿ ಕೊಡಿ ಅಂತ. ಜಾತ್ರೆಯಲ್ಲಿ ಸಿಗ್ತಿತ್ತಲ್ಲ, ಒತ್ತಿದ್ರೆ ಟಿಕ್ ಅನ್ನೋ ತಗಡಿನ ಕಪ್ಪೆ, ಹೆಚ್ಚುಕಮ್ಮಿ ಅದೇ. ಸದ್ದು ಯಾಕೆ ಅಂದ್ರೆ, ನೀವು ಜೇಬಿಗೆ ಕೈ ಹಾಕಿ ತಿಂಡಿ ತೆಗೆಯೋಷ್ಟರಲ್ಲಿ ನಾಯಿ ಎದ್ದು ಬೇರೆ ಏನೋ ಮಾಡಿರುತ್ತೆ. ಆಗ ಬಹುಮಾನ ಆ ಬೇರೆ ಕೆಲಸಕ್ಕೆ ಸಲ್ಲುತ್ತೆ. ಟಿಕ್ ಅಂದ್ರೆ ರಸೀದಿ, ತಿಂಡಿ ಅಂದ್ರೆ ಪೇಮೆಂಟ್.

ಅಂದ್ರೆ ಕೋಲರ್ ಪುಸ್ತಕ ಬರೋಕೆ ಹನ್ನೊಂದು ವರ್ಷ ಮೊದಲೇ ಇನ್ನೊಂದು ದಾರಿ ಅಚ್ಚಾಗಿತ್ತು. ಜನ ತಗೊಂಡಿದ್ದು ಕೋಲರ್‌ನ.

ಭಾಗ 5/8

ಪಾರಿವಾಳದ ಕೆಲಸದಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ಕೆಲ್ಲರ್ ಬ್ರೀಲ್ಯಾಂಡ್ ಮತ್ತು ಮರಿಯನ್ ಬ್ರೀಲ್ಯಾಂಡ್, ಗಂಡ ಹೆಂಡತಿ. ಪಿಎಚ್‌ಡಿ ಮುಗಿಸೋದು ಬಿಟ್ಟು ಕಂಪನಿ ಶುರುಮಾಡಿದರು: ಬಹುಮಾನದಿಂದ ಪ್ರಾಣಿಗಳಿಗೆ ಕಲಿಸೋದು, ಅದನ್ನ ಜಾಹೀರಾತಿಗೆ, ಪ್ರದರ್ಶನಕ್ಕೆ ಕೊಡೋದು. ಕೋಳಿ ಪಿಯಾನೋ ಬಾರಿಸ್ತಿತ್ತು, ಮೊಲ ನಾಣ್ಯ ಹಾಕ್ತಿತ್ತು. ಸ್ಟಾರ್ಟಪ್ ಅಂದ್ರೆ ಇದು! ಇವರ ವಿಧಾನ ಆಗಿನ ನಾಯಿ ಟ್ರೇನರ್‌ಗಳಿಗೆ ಮಾತ್ರ ಬೇಡವಾಗಿತ್ತು.

ಆದ್ರೆ ನಾನು ಇವರನ್ನ ನಂಬೋಕೆ ಶುರುಮಾಡಿದ್ದು ಕೋಳಿಯಿಂದ ಅಲ್ಲ. 1961ರಲ್ಲಿ ಅವರು ತಮ್ಮ ಸೋಲುಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. 38 ಜಾತಿಯ 6,000ಕ್ಕೂ ಹೆಚ್ಚು ಪ್ರಾಣಿಗಳಿಗೆ ಕಲಿಸಿದ ಮೇಲೆ, ನಮ್ಮ ಸಿದ್ಧಾಂತ ಎಲ್ಲೆಲ್ಲಿ ಕೈಕೊಟ್ಟಿತು ನೋಡಿ ಅಂತ.

ಒಂದು ರಕೂನ್‌ಗೆ ನಾಣ್ಯ ತಗೊಂಡು ಡಬ್ಬಿಗೆ ಹಾಕೋದು ಕಲಿಸಿದರು. ಒಂದು ನಾಣ್ಯ ಇದ್ದಾಗ ಹೆಂಗೋ ಹಾಕ್ತು. ಎರಡು ಕೊಟ್ಟಾಗ ಬಿಡಲೇ ಇಲ್ಲ! ಜಿಪುಣನ ಹಾಗೆ ಎರಡನ್ನೂ ಒಂದಕ್ಕೊಂದು ಉಜ್ಜುತ್ತಾ ಕೂತುಬಿಡ್ತು. ಹಾಕಿದ್ರೆ ತಿಂಡಿ ಸಿಗುತ್ತೆ ಅಂತ ಗೊತ್ತು, ಆದ್ರೂ ಉಜ್ಜೋದೇ. ಹಂದಿಯ ಕಥೆನೂ ಅದೇ. ಮರದ ದೊಡ್ಡ ನಾಣ್ಯ ತಂದು ಹುಂಡಿಗೆ ಹಾಕೋದು ಕೆಲಸ. ಕೆಲವು ವಾರ ಚೆನ್ನಾಗಿ ಮಾಡಿ, ಆಮೇಲೆ ದಾರಿಯಲ್ಲೇ ನಾಣ್ಯ ಬೀಳಿಸಿ ಮೂತಿಯಿಂದ ಕೆದಕೋಕೆ ಶುರು. ರಕೂನ್ ಕಾಡಲ್ಲಿ ಆಹಾರವನ್ನ ಕೈಯಲ್ಲಿ ಉಜ್ಜುತ್ತೆ, ಹಂದಿ ನೆಲ ಕೆದಕುತ್ತೆ. ಹುಟ್ಟುಗುಣ ಬಹುಮಾನವನ್ನೂ ಮೀರಿಸ್ತು.

ಸಿಂಪಲ್ಲಾಗಿ ಹೇಳೋದಾದ್ರೆ, ಬಹುಮಾನ ಕೊಟ್ರೆ ಯಾವ ಪ್ರಾಣಿಗೆ ಏನು ಬೇಕಾದ್ರೂ ಕಲಿಸಬಹುದು ಅಂತ ಹೇಳೋರೂ ಸುಳ್ಳು ಹೇಳ್ತಿದ್ದಾರೆ. ಬಹುಮಾನದ ಮೇಲೇ ಹೊಟ್ಟೆ ಹೊರೆಯುತ್ತಿದ್ದ ಬ್ರೀಲ್ಯಾಂಡ್ ದಂಪತಿ ಇದನ್ನ ಬರೆದರು. ಅಲ್ಲೇ ನನಗೆ ಟ್ರೇನರ್ ಆಯ್ಕೆಗೆ ಒಂದು ಅಳತೆ ಸಿಕ್ಕಿತು: ಈ ವ್ಯಕ್ತಿ ತಾನು ತಪ್ಪಿದ್ದು ಯಾವಾಗ ಅಂತ ಹೇಳಬಲ್ಲರಾ?

ಭಾಗ 6/8

ಚಿಕ್ಕದಾಗಿ ಮುಗಿಸ್ತೀನಿ, ನಾಳೆ ಕಾಸ್ಟಿಂಗ್ ಟೆಸ್ಟ್ ಇದೆ.

ಚೈನ್ ಬಿಟ್ಟು ಬೇರೆ ದಾರಿ ಇದೆ ಅಂತ ಜನರಿಗೆ ಮನವರಿಕೆ ಆಗಿದ್ದರಲ್ಲಿ ಡಾಲ್ಫಿನ್‌ಗಳ ಪಾಲು ದೊಡ್ಡದು. 1963ರಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಕಲಿಸೋ ಕೆಲಸಕ್ಕೆ ಸೇರಿದರು. ಡಾಲ್ಫಿನ್‌ಗೆ ಚೈನ್ ಹಾಕ್ತೀರಾ? ಬೈದ್ರೆ ಕೊಳದ ಆ ಕಡೆ ಈಜಿ ಹೋಗುತ್ತೆ, ಮುಗೀತು. ಒಂದು ಸೀಟಿ, ಒಂದು ಬಕೆಟ್ ಮೀನು, ಅಷ್ಟೇ ಬಂಡವಾಳ. 1984ರಲ್ಲಿ ಅವರ 'ಡೋಂಟ್ ಶೂಟ್ ದಿ ಡಾಗ್' ಬಂತು. ಹೆಸರಲ್ಲಿ ನಾಯಿ ಇದ್ರೂ ಪುಸ್ತಕ ಗಂಡ, ಮಕ್ಕಳು, ರೂಮ್‌ಮೇಟ್ ಎಲ್ಲರ ಬಗ್ಗೆ. 1990ರ ದಶಕದಲ್ಲಿ ಕ್ಲಿಕ್ಕರ್ ನಾಯಿ ಪ್ರಪಂಚಕ್ಕೆ ಹರಡಿತು. ಅದೇ ಹೊತ್ತಲ್ಲಿ ಇಯಾನ್ ಡನ್‌ಬಾರ್ ಅನ್ನೋ ಬ್ರಿಟಿಷ್ ಮೂಲದ ಪಶುವೈದ್ಯರು ಕ್ಯಾಲಿಫೋರ್ನಿಯಾದಲ್ಲಿ, ಹಗ್ಗ ಇಲ್ಲದೆ ಮರಿಗಳಿಗೆ ತಿಂಡಿ-ಆಟದಲ್ಲೇ ಕಲಿಸೋದನ್ನ ಜನಪ್ರಿಯ ಮಾಡಿದರು.

ಆಮೇಲೆ 2004ರಲ್ಲಿ ಟಿವಿಯಲ್ಲಿ ಸೀಸರ್ ಮಿಲಾನ್ ಅವರ ಕಾರ್ಯಕ್ರಮ ಬಂತು. ನಾಯಿಯ ಮೇಲೆ ಅಧಿಕಾರ ಸಾಧಿಸೋ ಮಾತು ಮತ್ತೆ ಮನೆಮನೆಗೆ! ಪರದೆಯ ಮೇಲೆ "ತಜ್ಞರನ್ನ ಕೇಳದೆ ಇದನ್ನ ಮಾಡಬೇಡಿ" ಅಂತ ಎಚ್ಚರಿಕೆ ಬರ್ತಿತ್ತು. 2008ರಲ್ಲಿ ಅಮೆರಿಕದ ಪಶುವೈದ್ಯರ ಪ್ರಾಣಿವರ್ತನೆ ಸಂಘ, ನಾಯಿಯ ವರ್ತನೆ ತಿದ್ದೋಕೆ ಈ ಅಧಿಕಾರದ ಸಿದ್ಧಾಂತ ಬಳಸೋದರ ವಿರುದ್ಧ ಹೇಳಿಕೆ ಕೊಟ್ಟಿತು. 15 ನಿಮಿಷದಲ್ಲಿ ನಾಯಿ ಬದಲಾಗೋ ರೀಲ್ ಎದುರಿಗೆ ಹೇಳಿಕೆ ಯಾರು ಓದ್ತಾರೆ ಹೇಳಿ. ನಮ್ಮ ಟ್ರೇನರ್ ಕಲಿತಿದ್ದೂ ಬಹುಶಃ ಅಂಥ ಕಡೆಯಿಂದಲೇ. ಅವರ ಮೇಲೆ ಈಗ ನನಗೆ ಕೋಪ ಇಲ್ಲ. ಬೆತ್ತ ಹಿಡಿದ ಮೇಷ್ಟ್ರ ಹತ್ರ ಓದಿದವರು ಬೆತ್ತವನ್ನೇ ಪಾಠ ಅಂದ್ಕೊಂಡಿರ್ತಾರೆ.

ಭಾಗ 7/8

ಕಾಮೆಂಟ್‌ನಲ್ಲಿ ಒಬ್ಬರು ಸರಿಯಾಗಿ ಕೇಳಿದ್ರು: "ಕಥೆ ಚೆನ್ನಾಗಿದೆ, ಲೆಕ್ಕ ಎಲ್ಲಿ?"

ಲೆಕ್ಕ ಇದೆ. 2004ರಲ್ಲಿ ಬ್ರಿಟನ್ನಿನ 364 ನಾಯಿ ಮಾಲೀಕರನ್ನ ಕೇಳಿ ಮಾಡಿದ ಸಮೀಕ್ಷೆಯಲ್ಲಿ, ಶಿಕ್ಷೆ ಬಳಸೋ ಮನೆಗಳಲ್ಲಿ ನಾಯಿಯ ತೊಂದರೆಗಳು ಹೆಚ್ಚು, ಬಹುಮಾನ ಬಳಸೋ ಕಡೆ ಮಾತು ಕೇಳೋದು ಹೆಚ್ಚು. ತಕ್ಷಣ ಶೇರ್ ಮಾಡಬೇಡಿ, ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ನೆನಪಿಸ್ಕೊಳ್ಳಿ. ಕಾಟ ಕೊಡೋ ನಾಯಿಗೇ ಜಾಸ್ತಿ ಏಟು ಬೀಳುತ್ತೆ ಅಂತನೂ ಇರಬಹುದಲ್ವಾ? ಜೊತೆಗಿರೋದೆಲ್ಲ ಕಾರಣ ಅಲ್ಲ.

ಅದಕ್ಕೇ 2020ರ ಪೋರ್ಚುಗಲ್ ಅಧ್ಯಯನ ನನಗೆ ಹೆಚ್ಚು ಗಟ್ಟಿ ಅನಿಸ್ತು. ಬೇರೆ ಬೇರೆ ತರಬೇತಿ ಶಾಲೆಗಳ 92 ಮನೆನಾಯಿಗಳು. ತರಗತಿಯ ವಿಡಿಯೋ ನೋಡಿದರು, ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅಳೆದರು. ಶಿಕ್ಷೆ ಹೆಚ್ಚಿರೋ ಶಾಲೆಯ ನಾಯಿಗಳಲ್ಲಿ ತರಗತಿಯ ನಂತರ ಅದು ಏರಿತ್ತು. ಆಮೇಲೆ ಒಂದು ಜಾಣ ಪರೀಕ್ಷೆ: ಒಂದು ಬದಿಯಲ್ಲಿ ಬಟ್ಟಲಿಟ್ಟರೆ ತಿಂಡಿ ಇರುತ್ತೆ, ಇನ್ನೊಂದು ಬದಿಯಲ್ಲಿಟ್ಟರೆ ಇರಲ್ಲ ಅಂತ ನಾಯಿಗೆ ಕಲಿಸಿ, ಆಮೇಲೆ ಬಟ್ಟಲನ್ನ ನಡುವೆ ಇಟ್ಟರು. ಓಡಿ ಹೋಗುತ್ತಾ, ಹಿಂಜರಿಯುತ್ತಾ? ಶಿಕ್ಷೆ ತಿಂದ ನಾಯಿಗಳು ನಿಧಾನ. ತರಬೇತಿಯ ಜಾಗದಿಂದ ಹೊರಗೆ ಬಂದ ಮೇಲೂ "ಏನೂ ಇರಲ್ಲ ಬಿಡು" ಅನ್ನೋ ಹಾಗೆ. ಅದನ್ನ ಓದಿದ ರಾತ್ರಿ ಕಾಳಿಯ ಮುಂದೆ ತಟ್ಟೆ ಇಟ್ಟೆ. ಅವಳು ನನ್ನ ಕೈ ನೋಡ್ತಾ ನಿಂತಳೇ ಹೊರತು ತಟ್ಟೆಗೆ ಬರಲಿಲ್ಲ. ನಾನು ಎದ್ದು ಹೊರಗೆ ಹೋದೆ.

2021ರಲ್ಲಿ ಅದೇ ಅಮೆರಿಕದ ಪಶುವೈದ್ಯರ ಸಂಘ, ವರ್ತನೆಯ ತೊಂದರೆಗೂ ಸೇರಿ ಎಲ್ಲಾ ನಾಯಿ ತರಬೇತಿಗೂ ಬಹುಮಾನದ ವಿಧಾನವನ್ನೇ ಬಳಸಿ ಅಂತ ಸ್ಪಷ್ಟವಾಗಿ ಬರೆಯಿತು. ಶಾಕ್ ಕೊಡೋ ಕಾಲರ್‌ಗಳನ್ನ ವೇಲ್ಸ್ 2010ರಲ್ಲೇ ನಿಷೇಧಿಸಿತ್ತು.

ಇಷ್ಟಾದ್ರೂ ಟ್ರೇನರ್ ಅಂತ ಬೋರ್ಡ್ ಹಾಕೋಕೆ ಹೆಚ್ಚಿನ ಕಡೆ ಯಾವ ಲೈಸೆನ್ಸೂ ಬೇಡ. ಸಿಎ ಅಂತ ಬೋರ್ಡ್ ಹಾಕಿ ನೋಡಿ ಏನಾಗುತ್ತೆ ಅಂತ! ಹಾಗಾಗಿ ಕೇಳೋದು ನಮ್ಮ ಕೆಲಸ. ಅಮೆರಿಕದ ಟ್ರೇನರ್ ಜೀನ್ ಡೊನಾಲ್ಡ್‌ಸನ್ ಹೇಳಿಕೊಟ್ಟ ಪ್ರಶ್ನೆಗಳನ್ನ ನಾನು ಬರ್ಕೊಂಡು ಹೋಗ್ತಿದ್ದೆ. ನನ್ನ ನಾಯಿ ಸರಿ ಮಾಡಿದ್ರೆ ನೀವು ಏನು ಮಾಡ್ತೀರಿ? ತಪ್ಪು ಮಾಡಿದ್ರೆ ಏನು ಮಾಡ್ತೀರಿ? ಅದಕ್ಕಿಂತ ಮೃದುವಾದ ದಾರಿ ಇದೆಯಾ? ಉತ್ತರದಲ್ಲಿ "ಎನರ್ಜಿ", "ಪವರ್", "ಲೀಡರ್" ಬಂದ್ರೆ ಮತ್ತೆ ಕೇಳಿ: ಅಂದ್ರೆ ಕೈಯಲ್ಲಿ ಏನಿರುತ್ತೆ, ಅದರಿಂದ ಏನು ಮಾಡ್ತೀರಿ? ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಒಪ್ತಾರಾ? ಆಮೇಲೆ ನನ್ನದೊಂದು ಪ್ರಶ್ನೆ ಸೇರಿಸಿದೆ: ಹತ್ತು ವರ್ಷದ ಹಿಂದೆ ಮಾಡ್ತಿದ್ದು ಈಗ ಬಿಟ್ಟಿರೋದು ಏನು?

ಮೂರು ಜನಕ್ಕೆ ಫೋನ್ ಮಾಡಿದೆ. ಇಬ್ಬರು "ನಾನು ಬಿಟ್ಟಿದ್ದು ಏನೂ ಇಲ್ಲ, ಗ್ಯಾರಂಟಿ ಕೊಡ್ತೀನಿ" ಅಂದ್ರು. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೋಕ್ ಚೈನ್ ಬಿಟ್ಟೆ ಕಣಮ್ಮ, ಒಂದು ನಾಯಿ ಹಾಳು ಮಾಡಿದ ಮೇಲೆ" ಅಂದ್ರು. ಅವರ ಹತ್ರ ಹೋದೆ. ಮೊದಲು ಡಾಕ್ಟರ್ ಹತ್ರ ತೋರಿಸು, ಕತ್ತಿನಲ್ಲಿ ನೋವಿದೆಯಾ ನೋಡ್ಲಿ, ಆಮೇಲೆ ನನ್ನ ಕೆಲಸ ಅಂತ ಕಳಿಸಿದ್ದೂ ಅವರೇ.

ಭಾಗ 8/8

ಎಲ್ಲರೂ ಕೇಳ್ತಿರೋದು, ಕಾಳಿ ಏನಾದಳು?

ಕ್ಲಿಕ್ಕರ್ ತಗೊಳ್ಳಲಿಲ್ಲ, ಹತ್ತು ರೂಪಾಯಿಯ ಟಿಕ್ ಅನ್ನೋ ಪೆನ್ನು ಸಾಕಾಯ್ತು. ಬೇಯಿಸಿದ ಕೋಳಿ, ಬೆರಳಿನ ಉಗುರಿನಷ್ಟು ಚೂರು. ಮೊದಲ ವಾರ ಏನೂ ಕಲಿಸಲಿಲ್ಲ. ಮಂಚದ ಕೆಳಗಿಂದ ಮೂತಿ ಹೊರಗೆ ಬಂದ್ರೆ ಟಿಕ್, ಚೂರು. ಮುಂಗಾಲು ಬಂದ್ರೆ ಟಿಕ್, ಚೂರು. ಹತ್ತು ದಿನ ಆಯ್ತು ಪೂರ್ತಿ ಹೊರಗೆ ಬರೋಕೆ.

ಹಾರೋದಕ್ಕೆ ಮಾಡಿದ್ದು ಇಷ್ಟೇ: ಹಾರಿದ್ರೆ ನಾವು ಬೆನ್ನು ತಿರುಗಿಸಿ ನಿಲ್ಲೋದು. ನಾಲ್ಕೂ ಕಾಲು ನೆಲದ ಮೇಲಿದ್ರೆ ಟಿಕ್. ಕೂತ್ರೆ ಟಿಕ್, ಎರಡು ಚೂರು. ಅಜ್ಜಿ ಬಾಗಿಲಿಂದ ಹೊರಗೆ ಬರೋ ಮೊದಲು ಕೂರಬೇಕು ಅನ್ನೋದು ಅವಳಿಗೆ ತಿಳಿಯೋಕೆ ಮೂರು ವಾರ ಹಿಡಿಯಿತು. ನಡುವೆ ಗೇಟ್ ಹಾಕಿಟ್ಟಿದ್ವಿ, ಅಜ್ಜಿಗೆ ಮತ್ತೆ ಬೀಳೋ ಯೋಗ ಬರದಿರಲಿ ಅಂತ. ಅಜ್ಜಿ ಮೊದಲು ನಕ್ಕರು: "ಇದೇನ್ ಹೊಸಾದಾ? ನಾನು ಬೂಸಾ ತೋರಿಸ್ದೆ ಯಾವ ಹಸ ಕರ್ದಿದ್ದೀನಿ?" ನಿಜ. ಆದ್ರೆ ಕರು ತೊಟ್ಟಿಗೆ ಬಾಯಿ ಹಾಕಿದ್ರೆ ಪೊರಕೆ ತಗೋತಿದ್ದಿದ್ದೂ ಅದೇ ಅಜ್ಜಿ. ಅದನ್ನ ನೆನಪಿಸಿದೆ, ಬೈಸ್ಕೊಂಡೆ.

ಎಲ್ಲಾ ಸರಿಹೋಗಿಲ್ಲ. ಕಬ್ಬಿಣದ ಚೈನ್ ಸದ್ದಿಗೆ ಈಗಲೂ ಕಿವಿ ಹಿಂದಕ್ಕೆ ಹೋಗುತ್ತೆ. ಪಕ್ಕದ ಮನೆಯವರು ಗೇಟಿನ ಸರಪಳಿ ತೆಗೆಯೋವಾಗ ಎದ್ದು ಒಳಗೆ ಹೋಗ್ತಾಳೆ. ಎರಡು ವಾರದಲ್ಲಿ ಆಗಿದ್ದನ್ನ ತೆಗೆಯೋಕೆ ಎಷ್ಟು ತಿಂಗಳು ಬೇಕು ಅಂತ ಕೇಳಿದ್ದಕ್ಕೆ ಆ ಟ್ರೇನರ್ "ಲೆಕ್ಕ ಹಾಕಬೇಡಮ್ಮ" ಅಂದ್ರು. ಅವಳು ಮತ್ತೆ ಗುರ್ ಅನ್ನೋಕೆ ಶುರುಮಾಡಿದ್ದಾಳೆ. ಮೊನ್ನೆ ಉಗುರು ಕತ್ತರಿಸೋವಾಗ ಸಣ್ಣಗೆ ಗುರ್ ಅಂದಳು. ನಾನು ಕತ್ತರಿ ಕೆಳಗಿಟ್ಟೆ. ಅಷ್ಟು ಖುಷಿ ಆಯ್ತು ಅಂದ್ರೆ ನಂಬ್ತೀರಾ?

ಅಪ್ಪನಿಗೆ ಕೊಟ್ಟ ಎರಡು ತಿಂಗಳ ಗಡುವು ಕಳೆದ ಭಾನುವಾರ ಮುಗೀತು. ತೋಟದ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನ್ನೆ ಒಗೆಯೋಕೆ ಬಟ್ಟೆ ತೆಗೀತಾ ಅಪ್ಪನ ಶರ್ಟ್ ಜೇಬಿಗೆ ಕೈ ಹಾಕಿದೆ. ಬಸ್ ಟಿಕೆಟ್ ಜೊತೆ ಒಣಗಿದ ಕೋಳಿ ಚೂರು ಎರಡು ಸಿಕ್ಕವು, ಪಕ್ಕದಲ್ಲಿ ನನ್ನ ಪೆನ್ನು.